ಉಪ್ಪ ಯಾವಾಗ ಬರುತ್ತಾರೆ?

(ಜುಮಾ ಖುತ್ಬಾದ ಸಾರಾಂಶ)

 



ಇಂದಿನ ಮಾತು ಬಹಳ ಚಿಕ್ಕ ಮಕ್ಕಳ ಕುರಿತು. ಅಂಗನವಾಡಿಗೆ ಹೋಗುವ, ಮದ್ರಸದಲ್ಲಿ ಅಲಿಫ್ ಬಾ ಕಲಿಯುತ್ತಿರುವ, ಮೂರರಿಂದ ಆರು ವರ್ಷದ ಮಕ್ಕಳು. ಮಿಂಬರಿನಿಂದ ಇವರ ವಿಷಯ ಬರುವುದು ಕಡಿಮೆ. ಹಿಂದಿನ ಸಾಲಿನಲ್ಲಿ ಗಲಾಟೆ ಮಾಡಿದಾಗ ಮಾತ್ರ ನಮಗೆ ಇವರ ನೆನಪಾಗುತ್ತದೆ. ಆದರೆ ಮನೆಯಲ್ಲಿ ಮರಣ ಸಂಭವಿಸಿದಾಗ ಈ ಮಕ್ಕಳಿಗೂ ದುಃಖವಿದೆ, ಅದನ್ನು ನಾವು ದೊಡ್ಡವರು ಹೇಗೆ ನಿಭಾಯಿಸುತ್ತಿದ್ದೇವೆ ಎಂಬುದಕ್ಕೆ ಅಲ್ಲಾಹನ ಮುಂದೆ ಲೆಕ್ಕ ಕೊಡಬೇಕಾಗಿದೆ.

ನಾವು ಹಿಂದೆ ಸೇವೆಯಲ್ಲಿದ್ದ ಒಂದು ಮೊಹಲ್ಲಾದ ಘಟನೆಯನ್ನು ಮೊದಲು ಹೇಳುತ್ತೇವೆ. ಮಗುವಿನ ಉಮ್ಮನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಯಾವ ಊರು, ಯಾರ ಮನೆ ಎಂದು ದಯವಿಟ್ಟು ಹುಡುಕಲು ಹೋಗಬೇಡಿ. ಇದರಲ್ಲಿ ತಪ್ಪಿದವರಲ್ಲಿ ಮೊದಲಿಗರು ನಾವೇ.

ಐದು ವರ್ಷದ ಹುಡುಗ. ಅವನ ಉಪ್ಪ ಸೌದಿಯಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಅಲ್ಲಿ ಶುಕ್ರವಾರ ರಜೆ, ನಮ್ಮ ಮದ್ರಸಕ್ಕೂ ರಜೆ. ಆದ್ದರಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ವಿಡಿಯೋ ಕಾಲ್ ಬರುತ್ತಿತ್ತು. ಒಂದು ದಿನ ಬೆಳಗ್ಗೆ ಹೃದಯಾಘಾತದ ಸುದ್ದಿ ಬಂತು. ಮಯ್ಯಿತನ್ನು ಊರಿಗೆ ತರಲಾಗಲಿಲ್ಲ, ಅಲ್ಲೇ ದಫನವಾಯಿತು. ನಮ್ಮ ಮಸೀದಿಯಲ್ಲಿ ಗಾಯಿಬ್ ಜನಾಝ ನಮಾಝಿಗೆ ನಾವೇ ಇಮಾಮತ್ ವಹಿಸಿದೆವು. ಆ ಹೊತ್ತಿನಲ್ಲಿ ಹುಡುಗನನ್ನು ನೆರೆಮನೆಗೆ ಕಳುಹಿಸಿ ಟಿವಿ ಹಾಕಿ ಕೂರಿಸಿದ್ದರು. ಸಂಜೆ ಅವನು ಕೇಳಿದಾಗ ಹಿರಿಯರೊಬ್ಬರು ಹೇಳಿದ್ದು: ಉಪ್ಪನಿಗೆ ಇನ್ನೂ ರಜೆ ಸಿಕ್ಕಿಲ್ಲ.

ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಗು ಅಳುವುದನ್ನು ನೋಡುವ ಶಕ್ತಿ ಆ ದಿನ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದರೆ ನೋಡಿ, ಗಲ್ಫ್ ಮನೆಯ ಮಗುವಿಗೆ ಉಪ್ಪ ಇಲ್ಲದಿರುವುದು ಹೊಸತಲ್ಲ. ಹೋದವರು ಸೂಟ್‌ಕೇಸ್ ಹಿಡಿದು ಒಂದು ದಿನ ಬಂದೇ ಬರುತ್ತಾರೆ ಎಂಬುದು ಅದರ ಅನುಭವ. ಆ ಅನುಭವದ ಮೇಲೆ ನಾವು ಒಂದು ಸುಳ್ಳನ್ನು ಕಟ್ಟಿದೆವು. ಅವನು ಕಾಯಲು ಆರಂಭಿಸಿದ.

ಹತ್ತು ದಿನ ಕಳೆದು ಮದ್ರಸಕ್ಕೆ ಬಂದ. ಉಸ್ತಾದರಿಗೆಲ್ಲ ವಿಷಯ ಗೊತ್ತಿತ್ತು. ಮನೆಯಲ್ಲಿ ದೊಡ್ಡವರು ಆಡಿದ್ದನ್ನು ಕೇಳಿಸಿಕೊಂಡಿದ್ದ ಇತರ ಮಕ್ಕಳಿಗೂ ಗೊತ್ತಿತ್ತು. ಗೊತ್ತಿಲ್ಲದವನು ಅವನೊಬ್ಬನೇ. ಮೂರನೇ ದಿನ ಪಕ್ಕದಲ್ಲಿ ಕುಳಿತವನು ನಿನ್ನ ಉಪ್ಪ ಸತ್ತುಹೋಗಿದ್ದಾರಲ್ಲ ಎಂದ. ಇವನು ಅವನಿಗೆ ಸ್ಲೇಟಿನಿಂದ ಹೊಡೆದ. ನಾವು ಏನು ಮಾಡಿದೆವು ಗೊತ್ತೇ? ಹೊಡೆದದ್ದಕ್ಕಾಗಿ ಅವನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು.

ತರಗತಿ ಬಿಟ್ಟ ಮೇಲೆ ಅವನು ನಮ್ಮ ಬಳಿ ಬಂದು ಒಂದು ಪ್ರಶ್ನೆ ಕೇಳಿದ: “ಉಸ್ತಾದ್, ಸತ್ತವರು ಫೋನ್ ಮಾಡ್ತಾರಾ?” ಆಗಲೂ ನಮಗೆ ನೇರವಾಗಿ ಉತ್ತರಿಸುವ ಧೈರ್ಯ ಬರಲಿಲ್ಲ. ಅಲ್ಲಾಹನಿಗೆ ನಿನ್ನ ಉಪ್ಪನ ಮೇಲೆ ಬಹಳ ಪ್ರೀತಿ, ಅದಕ್ಕೇ ಬೇಗ ಕರೆಸಿಕೊಂಡ ಎಂದೆವು. ದೊಡ್ಡವರನ್ನು ಸಾಂತ್ವನಪಡಿಸಲು ಮನೆಮನೆಗಳಲ್ಲಿ ಆಡುವ ಮಾತು ಅದು. ಆದರೆ ಅದೇ ತಿಂಗಳು ಅದೇ ತರಗತಿಯಲ್ಲಿ, ಚೆನ್ನಾಗಿ ಓದುವ ಮಕ್ಕಳನ್ನು ಅಲ್ಲಾಹನು ಪ್ರೀತಿಸುತ್ತಾನೆ ಎಂದೂ ನಾವು ಹೇಳಿಕೊಟ್ಟಿದ್ದೆವು. ಮಗು ಎರಡನ್ನೂ ಜೋಡಿಸಿತು. ಫಾತಿಹಾ ಸರಾಗವಾಗಿ ಓದುತ್ತಿದ್ದವನು ಬಾಯಿ ಬಿಡುವುದನ್ನೇ ನಿಲ್ಲಿಸಿದ. ಕೆಲವು ದಿನಗಳ ಬಳಿಕ ಅವನ ಉಮ್ಮ ಹೇಳಿ ಕಳುಹಿಸಿದರು: ನಮಾಝಿಗೆ ನಿಂತರೆ ಬಂದು ಮುಸಲ್ಲಾ ಎಳೆಯುತ್ತಾನೆ, ಇಷ್ಟು ನಮಾಝ್ ಮಾಡಬೇಡ, ಅಲ್ಲಾಹನಿಗೆ ನೀನು ಇಷ್ಟವಾಗಿಬಿಟ್ಟರೆ ಎನ್ನುತ್ತಾನೆ.

ಸಹೋದರರೇ, ಪರಮ ದಯಾಮಯನಾದ ಅಲ್ಲಾಹನನ್ನು ಒಂದು ಮಗು ಮನೆಯವರನ್ನು ಎತ್ತಿಕೊಂಡು ಹೋಗುವವನೆಂದು ಹೆದರುವಂತೆ ಮಾಡಿದ್ದು ಯಾರು? ಯಾವ ನಾಸ್ತಿಕನೂ ಅಲ್ಲ. ಮದ್ರಸದ ಉಸ್ತಾದರಾದ ನಾವು.

ಈ ವಿಷಯದಲ್ಲಿ ನಮ್ಮ ದೀನ್ ಏನೂ ಹೇಳಿಲ್ಲವೇ? ಧಾರಾಳವಾಗಿ ಹೇಳಿದೆ. ಪ್ರವಾದಿ(ಸ)ರೇ ಅಂತಹ ಮಗುವಾಗಿದ್ದರು. ತಂದೆ ಅಬ್ದುಲ್ಲಾ ಅವರ ಜನನಕ್ಕೆ ಮೊದಲೇ ತೀರಿಕೊಂಡಿದ್ದರು. ಆರು ವರ್ಷದವರಾಗಿದ್ದಾಗ ಯಸ್ರಿಬ್‌ನಿಂದ ಮರಳುವ ದಾರಿಯಲ್ಲಿ ಅಬ್ವಾ ಎಂಬಲ್ಲಿ ತಾಯಿ ಆಮಿನಾ ತೀರಿಕೊಂಡರು. ಅಲ್ಲಿಂದ ಆ ಬಾಲಕನನ್ನು ಮಕ್ಕಾಕ್ಕೆ ಕರೆತಂದವರು ಸೇವಕಿ ಉಮ್ಮು ಐಮನ್(ರ). ಎಂಟನೇ ವಯಸ್ಸಿನಲ್ಲಿ ಅಜ್ಜ ಅಬ್ದುಲ್ ಮುತ್ತಲಿಬರೂ ಹೋದರು. ಆ ದುಃಖ ಎಷ್ಟು ಕಾಲ ಉಳಿಯಿತು? ಹಲವು ದಶಕಗಳ ಬಳಿಕ ಅವರು ತಾಯಿಯ ಕಬರಿನ ಬಳಿ ನಿಂತು ಅತ್ತರು, ಅವರ ಅಳುವನ್ನು ಕಂಡು ಜೊತೆಯಲ್ಲಿದ್ದವರೂ ಅತ್ತರು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಚಿಕ್ಕ ಮಕ್ಕಳು ಬೇಗ ಮರೆಯುತ್ತಾರೆ ಎನ್ನುವವರು ಈ ಹದೀಸನ್ನು ನೆನಪಿಡಬೇಕು.

ಅಬೂ ಉಮೈರ್ ಎಂಬ ಮಗುವಿನ ಕಥೆ ನಿಮಗೆ ಗೊತ್ತು. ಅನಸ್(ರ)ರ ಪುಟ್ಟ ತಮ್ಮ, ತಾಯಿಯ ಹಾಲು ಬಿಟ್ಟು ಹೆಚ್ಚು ಕಾಲವಾಗಿರಲಿಲ್ಲ. ಅವನು ಆಡುತ್ತಿದ್ದ ಪುಟ್ಟ ಹಕ್ಕಿ ಸತ್ತುಹೋಯಿತು. ಪ್ರವಾದಿ(ಸ)ರು ಆ ಮನೆಗೆ ಬಂದಾಗ ಮಗುವಿನ ಮುಖ ಬಾಡಿರುವುದನ್ನು ಗಮನಿಸಿ ಕಾರಣ ಕೇಳಿ ತಿಳಿದುಕೊಂಡರು. ಬಳಿಕ ಮಗುವನ್ನೇ, ಒಬ್ಬ ದೊಡ್ಡ ಮನುಷ್ಯನನ್ನು ಕರೆಯುವ ಗೌರವದಿಂದ ಕರೆದು, ಆ ಹಕ್ಕಿಯ ಬಗ್ಗೆ ವಿಚಾರಿಸಿದರು. ಓದುವ ಕಾಲದಲ್ಲಿ ನಾವು ಇದನ್ನು ಪ್ರವಾದಿವರ್ಯರ ವಿನೋದದ ಉದಾಹರಣೆಯೆಂದು ಕಲಿತಿದ್ದೆವು. ಶಾಫಿಈ ವಿದ್ವಾಂಸ ಇಬ್ನುಲ್ ಖಾಸ್ ಈ ಒಂದು ಹದೀಸಿನಿಂದ ಅರುವತ್ತಕ್ಕೂ ಹೆಚ್ಚು ಪಾಠಗಳನ್ನು ಹೆಕ್ಕಿ ಒಂದು ಕಿರುಗ್ರಂಥವನ್ನೇ ಬರೆದಿದ್ದಾರೆ. ನಮಗೆ ಈಗ ಅದರಲ್ಲಿ ಬೇರೊಂದು ಕಾಣುತ್ತದೆ. ಸತ್ತದ್ದು ಒಂದು ಹಕ್ಕಿ. ಇನ್ನೊಂದು ತಂದುಕೊಡೋಣ ಬಿಡು ಎನ್ನಬಹುದಿತ್ತು. ವಿಷಯವನ್ನೇ ಎತ್ತದೆ ಮಾತು ಮರೆಸಬಹುದಿತ್ತು. ಅವರು ಸತ್ತ ಹಕ್ಕಿಯ ಹೆಸರನ್ನೇ ಎತ್ತಿ ಮಾತಾಡಿದರು. ಒಂದು ಇಡೀ ರಾಷ್ಟ್ರದ ಹೊಣೆ ಹೊತ್ತವರಿಗೆ ಅಷ್ಟು ಸಮಯವಿತ್ತು.

ಇನ್ನು ಜಅಫರ್(ರ)ರ ಮಕ್ಕಳು. ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 629ರಲ್ಲಿ, ಇಂದಿನ ಜೋರ್ಡಾನ್‌ನಲ್ಲಿರುವ ಮುಅ್‌ತಾದಲ್ಲಿ ಜಅಫರ್(ರ) ಹುತಾತ್ಮರಾದರು. ಪ್ರವಾದಿ(ಸ)ರು ಸ್ವತಃ ಆ ಮನೆಗೆ ಹೋದರು. ಪತ್ನಿ ಅಸ್ಮಾ(ರ) ಹಿಟ್ಟು ನಾದಿಟ್ಟು, ಮಕ್ಕಳಿಗೆ ಸ್ನಾನ ಮಾಡಿಸಿ ಎಣ್ಣೆ ಹಚ್ಚಿದ್ದರು. ಮಕ್ಕಳನ್ನು ಕರೆತರಲು ಹೇಳಿ, ಅವರನ್ನು ಅಪ್ಪಿ ಮೂಸಿದರು. ಕಣ್ಣೀರು ಹರಿಯಿತು. ನಂತರ ಸುದ್ದಿಯನ್ನು ಮರೆಮಾಚದೆ ಹೇಳಿದರು. ಆ ಮನೆಯವರಿಗೆ ಅಡುಗೆ ಮಾಡಿ ಕಳುಹಿಸಲು ತಮ್ಮವರಿಗೆ ಸೂಚಿಸಿದರು. ಮರಣದ ಮನೆಗೆ ನೆರೆಯವರು ಊಟ ಒಯ್ಯುವ ಸುನ್ನತ್ ಅಲ್ಲಿಂದ ಬಂದದ್ದು. (ನಾವು ಅದನ್ನು ತಲೆಕೆಳಗು ಮಾಡಿ, ಮರಣದ ಮನೆಯವರೇ ಊರಿಗೆ ಬಿರಿಯಾನಿ ಬಡಿಸುವಂತೆ ಮಾಡಿಕೊಂಡಿದ್ದೇವೆ. ಆ ವಿಷಯ ಇನ್ನೊಂದು ಜುಮಾಕ್ಕೆ.)

ಮೂರು ದಿನ ಅತ್ತುಕೊಳ್ಳಲು ಬಿಟ್ಟು ಅವರು ಮತ್ತೆ ಬಂದರು. ಹಕ್ಕಿಮರಿಗಳಂತೆ ಕಾಣುತ್ತಿದ್ದೆವು ಎಂದು ಆ ಮಕ್ಕಳಲ್ಲೊಬ್ಬರಾದ ಅಬ್ದುಲ್ಲಾ ಬಿನ್ ಜಅಫರ್(ರ) ದೊಡ್ಡವರಾದ ಮೇಲೆ ಸ್ಮರಿಸಿದ್ದಾರೆ. ಪ್ರವಾದಿ(ಸ)ರು ಕ್ಷೌರಿಕನನ್ನು ಕರೆಸಿ ಮಕ್ಕಳ ತಲೆ ಬೋಳಿಸಿದರು. ಇವನು ನಮ್ಮ ದೊಡ್ಡಪ್ಪ ಅಬೂತಾಲಿಬರನ್ನು ಹೋಲುತ್ತಾನೆ, ಇವನು ರೂಪದಲ್ಲೂ ಗುಣದಲ್ಲೂ ನನ್ನನ್ನು ಹೋಲುತ್ತಾನೆ ಎಂದು ಒಬ್ಬೊಬ್ಬರ ಬಗ್ಗೆ ಹೇಳಿದರು. ತಾಯಿ ಮಕ್ಕಳ ಅನಾಥ ಸ್ಥಿತಿಯನ್ನು ಪ್ರಸ್ತಾಪಿಸಿದಾಗ, ಇಹದಲ್ಲೂ ಪರದಲ್ಲೂ ಇವರ ಪೋಷಕ ತಾನೇ ಎಂದು ಭರವಸೆ ಕೊಟ್ಟರು.

ಕ್ಷೌರಿಕ ಏಕೆ ಎಂದು ಯೋಚಿಸಿ. ತಾಯಿ ದುಃಖದಲ್ಲಿದ್ದಾಗ ಮಕ್ಕಳ ಕೂದಲು, ಉಗುರು, ಸ್ನಾನ ಯಾರ ಕಣ್ಣಿಗೂ ಬೀಳುವುದಿಲ್ಲ. ಬದುಕು ಮುಂದುವರಿಯುತ್ತದೆ, ನಿಮ್ಮನ್ನು ನೋಡಿಕೊಳ್ಳುವವರಿದ್ದಾರೆ ಎಂದು ಮಗುವಿಗೆ ಭಾಷಣ ಮಾಡಿ ಅರ್ಥ ಮಾಡಿಸಲಾಗದು. ತಲೆಯ ಮೇಲೆ ಕೈಯಿಟ್ಟು ಕೂದಲು ತೆಗೆಸಿದರೆ ಅರ್ಥವಾಗುತ್ತದೆ.

ಇನ್ನು ಸುಳ್ಳಿನ ವಿಷಯ. ಒಬ್ಬ ತಾಯಿ ಮಗುವನ್ನು, ಬಾ ಏನೋ ಕೊಡುತ್ತೇನೆ ಎಂದು ಕರೆದರು. ಏನು ಕೊಡುವೆ ಎಂದು ಪ್ರವಾದಿ(ಸ)ರು ಕೇಳಿದರು. ಖರ್ಜೂರ ಎಂದರು ಆಕೆ. ಏನೂ ಕೊಡದಿದ್ದರೆ ಅದು ನಿನ್ನ ಲೆಕ್ಕದಲ್ಲಿ ಒಂದು ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದು ಅವರು ಎಚ್ಚರಿಸಿದ್ದು ಅಬೂದಾವೂದ್‌ನಲ್ಲಿದೆ. ಒಂದು ಖರ್ಜೂರದ ಸುಳ್ಳಿಗೆ ಇಷ್ಟು ಎಚ್ಚರಿಕೆಯಾದರೆ, ಉಪ್ಪ ಬರುತ್ತಾರೆ ಎಂಬ ಸುಳ್ಳಿನ ತೂಕವೆಷ್ಟು? ಅನ್ನಿಸಾ ಅಧ್ಯಾಯದ 9ನೇ ಸೂಕ್ತವನ್ನು ಮನೆಗೆ ಹೋಗಿ ಓದಿ. ತಾವು ದುರ್ಬಲ ಮಕ್ಕಳನ್ನು ಬಿಟ್ಟು ಹೋಗುವಂತಾಗಿದ್ದರೆ ಎಷ್ಟು ಆತಂಕಪಡುತ್ತಿದ್ದರೋ ಅದನ್ನು ನೆನೆದು ಅಲ್ಲಾಹನನ್ನು ಭಯಪಡಬೇಕು, ನೇರವಾದ ಮಾತಾಡಬೇಕು ಎಂದು ಅಲ್ಲಿ ಆದೇಶವಿದೆ. ಅನಾಥರ ಆಸ್ತಿಯ ಸಂದರ್ಭದಲ್ಲಿ ಬಂದ ಸೂಕ್ತವದು. ಆಸ್ತಿಯ ವಿಷಯದಲ್ಲೇ ನೇರ ಮಾತು ಬೇಕಾದರೆ, ಮರಣದ ವಿಷಯದಲ್ಲಿ ಬೇಡವೇ?

ಹಾಗಾದರೆ ಐದು ವರ್ಷದ ಮಗುವಿಗೆ ಏನೆಂದು ಹೇಳಬೇಕು? ಮರಣವನ್ನು ಮಕ್ಕಳು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದನ್ನು ಪರಿಶೀಲಿಸಿದವರಿದ್ದಾರೆ. ಹಂಗೇರಿಯ ಮಾರಿಯಾ ನಾಗಿ ಎಂಬವರು ಮೂರರಿಂದ ಹತ್ತು ವರ್ಷದ ಮಕ್ಕಳೊಂದಿಗೆ ಮಾತಾಡಿ ನಡೆಸಿದ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳು ಮರಣವನ್ನು ಎಲ್ಲಿಗೋ ಹೋಗುವುದು ಅಥವಾ ನಿದ್ರಿಸುವುದು ಎಂದೇ ಭಾವಿಸುತ್ತಾರೆ, ಅದರಿಂದ ಮರಳಿ ಬರಬಹುದು ಎಂದುಕೊಳ್ಳುತ್ತಾರೆ ಎಂದು ಅವರು ಕಂಡುಕೊಂಡರು. ಮಕ್ಕಳ ಈ ತಪ್ಪು ಗ್ರಹಿಕೆಯನ್ನೇ ನಾವು ದೊಡ್ಡವರು ಗಟ್ಟಿ ಮಾಡುತ್ತೇವೆ. ದೂರ ಹೋಗಿದ್ದಾರೆ ಎನ್ನುತ್ತೇವೆ, ಮಲಗಿದ್ದಾರೆ ಎನ್ನುತ್ತೇವೆ. ಅಜ್ಜಿ ಮಲಗಿದ್ದಾರೆ ಎಂದು ಕೇಳಿದ ಮಗು ರಾತ್ರಿ ಮಲಗಲು ಹೆದರುತ್ತದೆ. ಇಲ್ಲಿ ಮದ್ರಸದ ಉಸ್ತಾದರಿಗೊಂದು ಮಾತು. ಮಲಗುವಾಗಿನ ದುಆದಲ್ಲಿ ಮರಣದ ಪ್ರಸ್ತಾಪವಿದೆ. ದುಆವನ್ನು ಖಂಡಿತ ಕಲಿಸಿ. ಆದರೆ ಈಗಷ್ಟೇ ಮನೆಯವರನ್ನು ಕಳೆದುಕೊಂಡ ಮಗುವಿಗೆ, ನಿದ್ರೆಯೆಂದರೆ ಒಂದು ಸಣ್ಣ ಮರಣ ಎಂಬ ವಿವರಣೆಯನ್ನು ಸದ್ಯಕ್ಕೆ ಕೊಡಬೇಡಿ. ಕಬರಿನ ಪ್ರಶ್ನೋತ್ತರ, ಶಿಕ್ಷೆ ಇವೆಲ್ಲ ಮೇಲಿನ ತರಗತಿಯ ಪಾಠಗಳು.

ಹೇಳಬೇಕಾದದ್ದು ಇಷ್ಟೇ: ಉಪ್ಪ ಮರಣ ಹೊಂದಿದರು. ಅವರ ದೇಹ ಕೆಲಸ ಮಾಡುವುದು ನಿಂತಿತು. ಅವರು ಇನ್ನು ಮನೆಗೆ ಬರುವುದಿಲ್ಲ, ಫೋನ್ ಮಾಡಲಾಗುವುದಿಲ್ಲ. ಅವರ ರೂಹ್ ಅಲ್ಲಾಹನ ಬಳಿ ಇದೆ. ನಿನ್ನ ತಪ್ಪಿನಿಂದ ಇದು ಆದದ್ದಲ್ಲ. ನಿನ್ನನ್ನು ಶಾಲೆಗೆ ಬಿಡಲು ಮಾಮ ಬರುತ್ತಾರೆ, ಊಟ ಉಮ್ಮ ಕೊಡುತ್ತಾರೆ.

ನಿನ್ನ ತಪ್ಪಿನಿಂದಲ್ಲ ಎಂಬುದನ್ನು ಬಿಡಬೇಡಿ. ತಮ್ಮನ ಮೇಲೆ ಸಿಟ್ಟಾಗಿ ನೀನು ಬೇಡ ಎಂದಿದ್ದ ಮಗು, ತಮ್ಮ ಕಾಯಿಲೆಯಿಂದ ತೀರಿಕೊಂಡರೆ ತನ್ನ ಮಾತಿನಿಂದಲೇ ಹಾಗಾಯಿತು ಎಂದುಕೊಳ್ಳಬಹುದು. ಅದು ಯಾರಲ್ಲೂ ಹೇಳಿಕೊಳ್ಳುವುದಿಲ್ಲ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಅದೇ ಉತ್ತರ ಕೊಡಿ. ನಿನ್ನೆ ಹೇಳಿದೆನಲ್ಲ ಎನ್ನಬೇಡಿ. ಹತ್ತು ನಿಮಿಷ ಅತ್ತು ಮರುಕ್ಷಣ ಚೆಂಡು ಹಿಡಿದು ಓಡಿದರೆ ಇದಕ್ಕೆ ದುಃಖವೇ ಇಲ್ಲ ಎಂದುಕೊಳ್ಳಬೇಡಿ. ಮಕ್ಕಳು ದುಃಖದೊಳಗೆ ಇಳಿದು ಹೊರಬರುತ್ತಾರೆ, ಮತ್ತೆ ಇಳಿಯುತ್ತಾರೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಬಹುದು, ಉಮ್ಮನ ಸೆರಗು ಬಿಡದಿರಬಹುದು. ಅದಕ್ಕೆ ಬೈಗುಳ ಔಷಧಿಯಲ್ಲ. ಇನ್ನು ಐದು ವರ್ಷದ ಗಂಡುಮಗುವಿನ ಹೆಗಲ ಮೇಲೆ ಕೈಯಿಟ್ಟು, ಇನ್ನು ನೀನೇ ಈ ಮನೆಯ ಯಜಮಾನ, ಅಳಬಾರದು ಎನ್ನುವ ನಮ್ಮ ಹಿರಿಯರು. ಪ್ರವಾದಿ(ಸ)ರು ಮಗ ಇಬ್ರಾಹೀಮ್ ಕಣ್ಣೆದುರು ಕೊನೆಯುಸಿರೆಳೆಯುವಾಗ ಅತ್ತರು. ಅವರಿಗಿಂತ ದೊಡ್ಡ ಗಂಡಸರು ನಮ್ಮಲ್ಲಿ ಯಾರಿದ್ದಾರೆ?

ಮಗು ಸಿಟ್ಟಿನಲ್ಲಿ ಅಲ್ಲಾಹನ ಬಗ್ಗೆ ಏನಾದರೂ ಆಡಿದರೆ ತೌಬಾ ತೌಬಾ ಎಂದು ಬಾಯಿ ಮುಚ್ಚಿಸಬೇಡಿ. ಪ್ರಾಯಕ್ಕೆ ಬರುವ ತನಕ ಮಗುವಿನ ಮೇಲೆ ಲೇಖನಿ ಇಲ್ಲ ಎಂಬುದು ನಮ್ಮ ಫಿಕ್ಹ್‌ನ ಆರಂಭದ ಪಾಠ. ಅಲ್ಲಾಹನೇ ಬರೆಸದ ಮಾತಿಗೆ ನಾವೇಕೆ ಲೆಕ್ಕ ಇಡಬೇಕು?

ಮಯ್ಯಿತಿನ ಮುಖವನ್ನು ಮಗುವಿಗೆ ತೋರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಬಲವಂತ ಬೇಡ, ತಡೆಯುವುದೂ ಬೇಡ. ಅಲ್ಲಿ ಏನು ಕಾಣುತ್ತದೆ ಎಂದು ಮೊದಲೇ ತಿಳಿಸಿ, ನಂಬಿಕೆಯ ಒಬ್ಬರು ಕೈ ಹಿಡಿದು ಕರೆದೊಯ್ಯಲಿ. ಜನಾಝ ನಮಾಝಿನಲ್ಲಿ ಬಾಲಕರು ಗಂಡಸರೊಂದಿಗೆ ಸಾಲು ನಿಲ್ಲುವ ಬಗ್ಗೆ ಇಮಾಮ್ ಬುಖಾರಿ ಒಂದು ಶೀರ್ಷಿಕೆಯನ್ನೇ ಕೊಟ್ಟಿದ್ದಾರೆ, ಬಾಲಕನಾಗಿದ್ದ ಇಬ್ನು ಅಬ್ಬಾಸ್(ರ)ರ ಹದೀಸನ್ನು ಅಲ್ಲಿ ಉಲ್ಲೇಖಿಸಿದ್ದಾರೆ. ಇನ್ನು ಇದ್ದತ್ ಬಗ್ಗೆ. ನಾಲ್ಕು ತಿಂಗಳು ಹತ್ತು ದಿನ ತಾಯಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಮಕ್ಕಳನ್ನು ಸಂಬಂಧಿಕರ ಮನೆಗೆ ಹಂಚುವುದನ್ನು ಕೆಲವೆಡೆ ನೋಡಿದ್ದೇವೆ. ಶರೀಅತ್‌ನಲ್ಲಿ ಇಂತಹ ನಿಯಮವಿಲ್ಲ. ಉಪ್ಪನನ್ನು ಕಳೆದುಕೊಂಡ ವಾರವೇ ಮಗುವಿನಿಂದ ಉಮ್ಮನನ್ನೂ ಕಿತ್ತುಕೊಳ್ಳುವುದಕ್ಕೆ ಇದ್ದತ್ ಎಂಬ ಹೆಸರಿಡಬೇಡಿ.

ಆ ಹುಡುಗನ ವಿಷಯಕ್ಕೆ ಮರಳೋಣ. ಅವನನ್ನು ಮೊದಲು ಅರ್ಥ ಮಾಡಿಕೊಂಡವರು ಅಲ್ಲಿನ ಅಂಗನವಾಡಿಯ ಟೀಚರ್. ಅವರು ನಮ್ಮ ಸಮುದಾಯದವರಲ್ಲ. ಅವನು ಮರಳಿನಲ್ಲಿ ಗುಂಡಿ ತೋಡಿ ಗೊಂಬೆಯನ್ನು ಮುಚ್ಚಿ, ಮತ್ತೆ ತೆಗೆದು, ಮತ್ತೆ ಮುಚ್ಚುತ್ತಿದ್ದ. ಯಾರೋ ಬಂದು ಇದು ಅಪಶಕುನ, ಬುದ್ಧಿ ಹೇಳಿ ಎಂದು ನಮ್ಮನ್ನು ಕರೆದೊಯ್ದರು. ಟೀಚರ್ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ, “ಉಸ್ತಾದರೇ, ಆಡಲಿ ಬಿಡಿ. ಅವನಿಗೆ ಯಾರೂ ತೋರಿಸದ್ದನ್ನು ಅವನೇ ನೋಡಿಕೊಳ್ಳುತ್ತಿದ್ದಾನೆ” ಎಂದರು. ಹಾಡು, ಊಟ, ನಿದ್ದೆ ಎಲ್ಲವೂ ಅವನಿಗೆ ಮೊದಲಿನ ಹೊತ್ತಿಗೇ ನಡೆಯುವಂತೆ ಅವರು ನೋಡಿಕೊಂಡಿದ್ದರು. ಕೈಗೆ ಬಣ್ಣದ ಕಡ್ಡಿ ಕೊಟ್ಟು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಅಷ್ಟೇ ಅವರು ಮಾಡಿದ್ದು. ಅಷ್ಟನ್ನೂ ನಾವು ಮಾಡಿರಲಿಲ್ಲ.

ಮರುದಿನ ಉಮ್ಮ ಮತ್ತು ಮಾಮನ ಜೊತೆ ಕುಳಿತು ನಾವು ಅವನಿಗೆ ನಿಜ ಹೇಳಿದೆವು. ರಜೆ ಸಿಕ್ಕಿಲ್ಲ ಎಂದದ್ದು ತಪ್ಪು ಎಂದೂ ಹೇಳಿದೆವು. ಗೋಡೆಗೆ ನಿಲ್ಲಿಸಿದ್ದಕ್ಕೆ ಅವನಲ್ಲಿ ಕ್ಷಮೆ ಕೇಳಿದೆವು. ಅಲ್ಲಾಹನು ಪ್ರೀತಿಸಿದವರನ್ನೆಲ್ಲ ಕರೆಸಿಕೊಳ್ಳುವುದಿಲ್ಲ, ನಿನ್ನ ಅಜ್ಜಿಯನ್ನು ಅವನು ಎಂಬತ್ತು ವರ್ಷದಿಂದ ಪ್ರೀತಿಸುತ್ತಿದ್ದಾನೆ, ನೋಡು ಇಲ್ಲೇ ಕುಳಿತಿದ್ದಾರೆ ಎಂದೆವು. ಅವನು ಅಜ್ಜಿಯನ್ನು ನೋಡಿದ. ಆಮೇಲೆ ಬಹಳ ಹೊತ್ತು ಅತ್ತ. ಆ ಅಳು ಒಂದು ತಿಂಗಳು ತಡವಾಗಿತ್ತು.

ಮರಣದ ಬಳಿಕವೂ ಮಕ್ಕಳ ದುಆ ತಂದೆಗೆ ತಲುಪುತ್ತದೆ ಎಂದು ಹದೀಸ್‌ನಲ್ಲಿದೆಯಲ್ಲ. ಶುಕ್ರವಾರ ಮಧ್ಯಾಹ್ನ, ಹಿಂದೆ ಫೋನ್ ಬರುತ್ತಿದ್ದ ಹೊತ್ತಿಗೇ, ಉಮ್ಮ ಅವನನ್ನು ಕೂರಿಸಿಕೊಂಡು ಕೈ ಎತ್ತುವ ರೂಢಿ ಆರಂಭಿಸಿದರು. ಅವನ ದುಆದಲ್ಲಿ ಅರಬಿ ಒಂದು ಸಾಲು, ಉಳಿದದ್ದೆಲ್ಲ ಆ ವಾರದ ಸಮಾಚಾರ. ಹಲ್ಲು ಬಿದ್ದದ್ದು, ಬೆಕ್ಕು ಮರಿ ಹಾಕಿದ್ದು. ಅದನ್ನು ನಾವು ತಿದ್ದಲು ಹೋಗಲಿಲ್ಲ. ಫಾತಿಹಾ ಮರಳಿ ಬಾಯಿಗೆ ಬರಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ಅನಾಥರ ಪೋಷಣೆಗೆ ನಮ್ಮ ಜಮಾಅತ್ ಹಣ ಕೊಡುತ್ತದೆ, ರಮಝಾನಿನಲ್ಲಿ ಬಟ್ಟೆ, ಶಾಲೆ ಶುರುವಾಗುವಾಗ ಪುಸ್ತಕ. ಅಲ್‌ಹಮ್ದುಲಿಲ್ಲಾಹ್. ಆದರೆ ಬಟ್ಟೆ ಹಂಚುವಾಗ ಮಗುವನ್ನು ವೇದಿಕೆಗೆ ಕರೆದು ಫೋಟೋ ತೆಗೆಯುವುದನ್ನು ಈ ವರ್ಷದಿಂದ ನಿಲ್ಲಿಸಬೇಕೆಂದು ಸಮಿತಿಯಲ್ಲಿ ವಿನಂತಿಸಿದ್ದೇವೆ. ಯತೀಮ್ ಎಂಬ ಪದ ಆ ಮಗುವಿನ ಹೆಸರಾಗಬಾರದು.

ಈ ರವಿವಾರ ಅಸರ್ ನಮಾಝಿನ ಬಳಿಕ ಮದ್ರಸದಲ್ಲಿ ಒಂದು ಸಣ್ಣ ಸಭೆ ಇದೆ. ನಮ್ಮ ಉಸ್ತಾದರೆಲ್ಲ ಇರುತ್ತಾರೆ, ಇಲ್ಲಿನ ಅಂಗನವಾಡಿಯ ಟೀಚರ್ ಬರಲು ಒಪ್ಪಿದ್ದಾರೆ. ಮಹಿಳೆಯರಿಗೆ ಸ್ಥಳದ ವ್ಯವಸ್ಥೆಯಿದೆ. ತಿಂಗಳುಗಳು ಕಳೆದರೂ ಮಗು ಊಟ, ನಿದ್ದೆ, ಮಾತು ಬಿಟ್ಟಿದ್ದರೆ ವೈದ್ಯರಿಗೆ ತೋರಿಸಬೇಕು, ದೃಷ್ಟಿಯಾಗಿದೆ ಎಂದು ಊದಿಸಿ ಸುಮ್ಮನಾಗಬಾರದು. ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416. ಅದನ್ನು ಮಸೀದಿಯ ಫಲಕದಲ್ಲಿ ಬರೆಸಿದ್ದೇವೆ. ಸಭೆಗೆ ಬರುವವರು ಚಿಕ್ಕ ಮಕ್ಕಳನ್ನು ಕರೆತಂದರೆ ಅಡ್ಡಿಯಿಲ್ಲ. ಗಲಾಟೆಯಾದರೆ ಆಗಲಿ.